ಕೆಟ್ಟ ಅಕ್ಷರ, ಮೂರು ಲಿಪಿಯ ಊರು

ಹೊಸೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟವನಿಗೆ ಒಂದು ಲಿಪಿ ಬಂದರೆ ಸಾಲದು. ಹುಡುಗಿ ಡೆಂಕಣಿಕೋಟೆ ಕಡೆಯವಳು, ಹುಡುಗ ಕೃಷ್ಣಗಿರಿಯವನು, ನೆಂಟರಿಷ್ಟರು ಆನೇಕಲ್ಲು, ಮಾಲೂರಿನವರು. ಲಗ್ನಪತ್ರಿಕೆಗೆ ಕನ್ನಡ, ತೆಲುಗು, ತಮಿಳು ಮೂರೂ ಬೇಕು. ಕನ್ನಡ ಶಾಲೆಯ ಮೇಷ್ಟ್ರುಗಳು ಪ್ರಶ್ನೆಪತ್ರಿಕೆಯನ್ನು ಪೆನ್‌ಡ್ರೈವ್‌ನಲ್ಲಿ ತರುತ್ತಾರೆ. ಫೈಲು ತೆರೆದಾಗ ಅಕ್ಷರ ಕೆಟ್ಟಿದ್ದರೆ ಎಲ್ಲರದೂ ಒಂದೇ ಮಾತು: ‘ಫಾಂಟ್ ಇಲ್ಲ, ಹಾಕ್ಕೊಳ್ಳಿ ಅಣ್ಣಾ.’ ಎಷ್ಟೋ ಸಲ ಕಾರಣ ಅದಲ್ಲ. ಹೇಗೆ ಕೆಟ್ಟಿದೆ ಅನ್ನುವುದನ್ನು ನೋಡದೆ ನಾನು ಮೌಸ್ ಮುಟ್ಟುವುದಿಲ್ಲ.

ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ‘ಎ’ಗಳು, ನಡುನಡುವೆ ಬ್ರಿಟಿಷ್ ಪೌಂಡಿನ ಗುರುತು ಕಂಡರೆ ಅದು ‘ನುಡಿ’ ತಂತ್ರಾಂಶದ ಹಳೆಯ ಪದ್ಧತಿಯ ಫೈಲು. ಅದರೊಳಗೆ ‘ಕನ್ನಡ’ ಅನ್ನುವ ಪದ ಹೀಗಿರುತ್ತದೆ: ಪಿ, ಗೆರೆಯ ಎ, ಪೌಂಡು, ಮತ್ತೆ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಇನ್ನೊಂದು ಎ. ಆ ಜಾಗಗಳಲ್ಲಿ ಫಾಂಟು ಕನ್ನಡದ ತುಂಡುಗಳನ್ನು ಕೂರಿಸಿರುತ್ತದೆ, ಅಷ್ಟೆ. ಫಾಂಟು ಹಾಕಿಕೊಂಡರೆ ಪ್ರಿಂಟೇನೋ ಬರುತ್ತದೆ. ಅದೇ ಸಾಲನ್ನು ವಾಟ್ಸಾಪಿಗೆ ಅಂಟಿಸಿದರೆ ಮತ್ತೆ ಪೌಂಡು. ಹಾಗಾಗಿ ಯೂನಿಕೋಡ್‌ಗೆ ಬದಲಿಸಿಬಿಡುವುದೇ ಮೇಲು. ಆದರೆ ‘ಎಲ್ಲವನ್ನೂ ಆರಿಸಿ, ಬದಲಿಸು’ ಅನ್ನುವ ಸುಲಭದ ದಾರಿ ನಮ್ಮೂರಿನ ಫೈಲಿಗೆ ಒಗ್ಗುವುದಿಲ್ಲ. ಇಂಗ್ಲಿಷಿನಲ್ಲಿರುವ ಛತ್ರದ ವಿಳಾಸವನ್ನೂ ಪರಿವರ್ತಕ ಕನ್ನಡದ ಚೂರುಪಾರು ಮಾಡುತ್ತದೆ. ತಮಿಳಿನ ಬಾಮಿನಿ ಫಾಂಟೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತದ್ದು. ಅದಕ್ಕೂ ಅದೇ ಗತಿ. ಒಂದೊಂದು ಭಾಷೆಯ ಭಾಗವನ್ನು ಬೇರೆಬೇರೆಯಾಗಿ ಬದಲಿಸಬೇಕು.

ಬದಲಿಸಿದ ಮೇಲೆ ಅರ್ಕಾವೊತ್ತಿನ ಪದಗಳನ್ನು ಒಂದೊಂದಾಗಿ ಓದುತ್ತೇನೆ. ‘ಕರ್ನಾಟಕ’ದಲ್ಲಿ ಹಳೆಯ ಪದ್ಧತಿ ಕಣ್ಣಿಗೆ ಕಾಣುವ ಕ್ರಮದಂತೆ ‘ನಾ’ ಆದ ಮೇಲೆ ಅರ್ಕಾವೊತ್ತು ಇಡುತ್ತದೆ. ಯೂನಿಕೋಡಿನಲ್ಲಿ ಬಾಯಲ್ಲಿ ಬರುವ ಕ್ರಮ, ‘ರ್’ ಮೊದಲು. ಅರೆಬರೆ ಪರಿವರ್ತಕಗಳು ಎಡವುವುದು ಇಲ್ಲೇ.

ಪೆಟ್ಟಿಗೆಗಳ ಸಾಲು ಕಂಡರೆ ನನಗೆ ನೆಮ್ಮದಿ. ಬರಹ ಸರಿಯಿದೆ, ತೋರಿಸುವ ಫಾಂಟು ಮಾತ್ರ ಇಲ್ಲ. ಲಿನಕ್ಸ್ ಆದರೆ ಲೋಹಿತ್ ಅಥವಾ ನೋಟೋ ಹಾಕಿದರೆ ಮುಗಿಯಿತು. 2011ರಲ್ಲಿ ತಮಿಳುನಾಡು ಸರ್ಕಾರ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಕೊಡತೊಡಗಿದ ಮೇಲೆ ಲಿನಕ್ಸ್ ನಮ್ಮ ಅಂಗಡಿಗೂ ಬಂತು. ವಿಂಡೋಸ್ ಎಕ್ಸ್‌ಪಿ ಕಾಲದ ತುಂಗಾ, ವಿಂಡೋಸ್ 8ರಿಂದ ಬಂದ ನಿರ್ಮಲಾ, ಮ್ಯಾಕ್‌ನ ಕನ್ನಡ ಸಂಗಮ್ ಒಂದೊಂದರ ಅಗಲ ಒಂದೊಂದು. ಒಂದರಲ್ಲಿ ಎರಡೇ ಪುಟವಾದ ಪ್ರಶ್ನೆಪತ್ರಿಕೆ ಇನ್ನೊಂದರಲ್ಲಿ ಮೂರನೆಯದಕ್ಕೆ ಉಕ್ಕುತ್ತದೆ. ಮೇಷ್ಟ್ರುಗಳಿಗೆ ಪಿಡಿಎಫ್ ಮಾಡಿಕೊಂಡು ಬನ್ನಿ ಸಾರ್ ಅನ್ನುತ್ತೇನೆ.

‘ಅಮ್ಮ’ ಹೋಗಿ ‘ಅಮ್‌ಮ’ ಆಗಿದ್ದರೆ ಫಾಂಟು ಎಷ್ಟು ಬದಲಿಸಿದರೂ ಅಷ್ಟೆ. ಒತ್ತು ಜೋಡಿಸುವ ಕೆಲಸ ತಂತ್ರಾಂಶದ್ದು, ಅದು ಮಾಡುತ್ತಿಲ್ಲ. ಎಕ್ಸ್‌ಪಿಯಲ್ಲಿ ಭಾಷೆಯ ಸೆಟ್ಟಿಂಗಿಗೆ ಹೋಗಿ ಒಂದು ಟಿಕ್ ಹಾಕಬೇಕಿತ್ತು. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು.

ಇಷ್ಟೆಲ್ಲ ಬೆಂಗಳೂರಿನಲ್ಲೂ ಇದ್ದದ್ದೇ. ಗಡಿಯ ತಾಪತ್ರಯ ಬೇರೆ. ತಮಿಳಿನಲ್ಲಿ ಅಕ್ಷರದ ಕೆಳಗೆ ಒತ್ತು ಪೇರಿಸುವ ರೂಢಿಯಿಲ್ಲ. ತಮಿಳಿಗೆ ಹೊಂದುವಂತೆ ಸಾಲಿನ ಅಂತರವನ್ನು ಬಿಗಿದಿಟ್ಟ ಪತ್ರಿಕೆಯಲ್ಲಿ ‘ಲಕ್ಷ್ಮೀ’ಯ ಮಕಾರ ಅರ್ಧ ಕಡಿದುಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ನಾನೀಗ ಕನ್ನಡವನ್ನೇ ಮೊದಲು ಕೂರಿಸಿ ಅಂತರ ಗೊತ್ತುಮಾಡುತ್ತೇನೆ. ತಮಿಳು ಅದರಲ್ಲಿ ಆರಾಮಾಗಿ ಕೂರುತ್ತದೆ. ‘ತಮಿಳ್‌ಸೆಲ್ವಿ’ಯಂಥ ಹೆಸರಿನದು ಇನ್ನೊಂದು ಪಾಡು. ತಮಿಳಿನಲ್ಲಿ ಅಕ್ಷರದ ಮೇಲೆ ಪುಳ್ಳಿ, ಅಂದರೆ ಚುಕ್ಕಿ, ಇಟ್ಟರೆ ಅಕ್ಷರ ಒಂಟಿಯಾಗೇ ನಿಲ್ಲುತ್ತದೆ. ಕನ್ನಡದಲ್ಲಿ ನಡುವೆ ಕಣ್ಣಿಗೆ ಕಾಣದ ತಡೆಗುರುತು ಹಾಕದಿದ್ದರೆ ‘ತಮಿಳ್ಸೆಲ್ವಿ’. ಬೇರೆ ತಂತ್ರಾಂಶಕ್ಕೆ ಅಂಟಿಸುವಾಗ ಆ ಗುರುತು ಕೆಲವೊಮ್ಮೆ ಉದುರಿಹೋಗುತ್ತದೆ.

ಪ್ರೂಫ್ ನೋಡಲು ಬರುವ ಹುಡುಗರು ತಮಿಳಿನ ಭಾಗ ಓದಿ ‘ಓಕೆ ಅಣ್ಣಾ’ ಅಂದುಬಿಡುತ್ತಾರೆ. ಇಲ್ಲಿಯ ಶಾಲೆಗಳಿಗೆ 2006ರ ಕಾಯ್ದೆ ತಮಿಳನ್ನು ಕಡ್ಡಾಯ ಮಾಡಿದ ಮೇಲೆ ಓದಿದವರು. ಮನೆಮಾತು ಕನ್ನಡವಾದರೂ ಕಣ್ಣು ಓಡುವುದು ಅತ್ತಲೇ. ಕನ್ನಡದ ಭಾಗಕ್ಕೆ ದೊಡ್ಡಪ್ಪನನ್ನೋ ಅಜ್ಜಿಯನ್ನೋ ಕರೆತನ್ನಿ ಅನ್ನುತ್ತೇನೆ. ಫೋನಿನ ಫೋಟೋದಲ್ಲಿ ಕಡಿದ ಒತ್ತು ಕಾಣುವುದಿಲ್ಲ, ಅವರ ಕೈಗೆ ಕಾಗದವನ್ನೇ ಕೊಡುತ್ತೇನೆ.