ಮೈಗೊಂದು ವಿಮೆ, ಹಲ್ಲಿಗೊಂದು ವಿಮೆ

ಅಮೆರಿಕದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ವಿಮೆಯ ಅರ್ಜಿ ತುಂಬುವಾಗ ನಮ್ಮವರು ಬೆಪ್ಪಾಗುವುದು ಒಂದು ಕಡೆ: ಮೆಡಿಕಲ್ ಬೇರೆ, ಡೆಂಟಲ್ ಬೇರೆ. ಹಲ್ಲೇನೂ ನೋಯುತ್ತಿಲ್ಲವಲ್ಲ, ಸಂಬಳದಲ್ಲಿ ಇನ್ನೊಂದು ಕಡಿತ ಯಾಕೆ ಎಂದು ಡೆಂಟಲ್ ಬಿಟ್ಟುಬಿಡುತ್ತಾರೆ. ಆಮೇಲೆ ಬೇಕೆಂದರೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬರುವ ಓಪನ್ ಎನ್‌ರೋಲ್‌ಮೆಂಟ್‌ವರೆಗೆ ಕಾಯಬೇಕು.

ಬಾಯಿ ಬೇರೆ, ಮೈ ಬೇರೆ ಎಂಬುದು ವಿಮೆಯವರ ಲೆಕ್ಕ, ದೇಹದ್ದಲ್ಲ. ಸಕ್ಕರೆ ಕಾಯಿಲೆಯನ್ನೇ ನೋಡಿ. ಅದಿಲ್ಲದ ಮನೆ ನಮ್ಮಲ್ಲಿ ಕಡಿಮೆ. ಸಕ್ಕರೆ ಹತೋಟಿ ತಪ್ಪಿದರೆ ವಸಡು ಸೋಂಕಿಗೆ ಸುಲಭವಾಗಿ ತುತ್ತಾಗುತ್ತದೆ. ವಸಡಿನ ಉರಿಯೂತ ಬೇರೂರಿದರೆ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗಿ ಸಕ್ಕರೆ ಇನ್ನಷ್ಟು ಏರುತ್ತದೆ. ವಸಡಿಗೆ ಚಿಕಿತ್ಸೆ ಕೊಟ್ಟರೆ ಮೂರು–ನಾಲ್ಕು ತಿಂಗಳಲ್ಲಿ ರಕ್ತದ ಸಕ್ಕರೆಯ ಅಳತೆಯಾದ ಎಚ್‌ಬಿಎ1ಸಿ ಸರಾಸರಿ ಶೇಕಡಾ 0.43 ಅಂಶ ಇಳಿಯುತ್ತದೆಂದು 2022ರ ಕಾಕ್ರೇನ್ ಸಂಸ್ಥೆಯ ಸಂಶೋಧನಾ ವಿಮರ್ಶೆ ಕಂಡುಕೊಂಡಿತು. ಇದು ಸಣ್ಣ ಲಾಭವಲ್ಲ. ಹೃದ್ರೋಗಕ್ಕೂ ವಸಡಿಗೂ ನಂಟು ಕಂಡಿದೆ. ಆದರೆ ಹೃದಯ ಕೆಡುವುದು ವಸಡಿನಿಂದಲೇ ಎಂದು ಸಾಬೀತಾಗಿಲ್ಲ, ವಾಟ್ಸಾಪ್‌ನಲ್ಲಿ ಏನೇ ಬರಲಿ.

ವಸಡಿನ ರೋಗ ಬಹುಕಾಲ ನೋಯುವುದೇ ಇಲ್ಲ. ಹಲ್ಲುಜ್ಜಿ ಉಗುಳಿದಾಗ ನೊರೆ ಕೆಂಪಾದರೆ ಬ್ರಶ್ ಒರಟೆಂದು ಸುಮ್ಮನಾಗಬೇಡಿ. ಬಸುರಿಯರಲ್ಲಿ ಹಾರ್ಮೋನಿನ ಏರಿಳಿತಕ್ಕೆ ವಸಡು ಬೇಗ ಊದಿಕೊಳ್ಳುತ್ತದೆ. ಆಗಲೂ ಕ್ಲೀನಿಂಗ್ ಮಾಡಿಸಿಕೊಳ್ಳಬಹುದು, ಅಪಾಯವಿಲ್ಲ.

ಬಹಳಷ್ಟು ಪ್ಲಾನ್‌ಗಳು ವರ್ಷಕ್ಕೆ ಎರಡು ಕ್ಲೀನಿಂಗ್‌ನ ಖರ್ಚನ್ನು ಪೂರ್ತಿ ಭರಿಸುತ್ತವೆ. ಅದನ್ನು ಬಿಡಬೇಡಿ. ಹಲ್ಲಿಗೆ ತೊಡಿಸುವ ಕ್ರೌನ್‌ಗೆ ಸಿಗುವುದು ಅರ್ಧದಷ್ಟು. ವರ್ಷದ ಒಟ್ಟು ಮಿತಿ ಸಾಮಾನ್ಯವಾಗಿ 1000ದಿಂದ 2000 ಡಾಲರ್. ಒಂದು ದವಡೆ ಹಲ್ಲಿನ ರೂಟ್ ಕೆನಾಲ್ ಮತ್ತು ಕ್ರೌನ್‌ಗೇ ಅದು ಮುಗಿದುಹೋದೀತು. ನೋವು ತಡೆಯಲಾರದೆ ಎಮರ್ಜೆನ್ಸಿಗೆ ಓಡಿದರೆ ಅಲ್ಲಿ ಹೆಚ್ಚಾಗಿ ದಂತವೈದ್ಯರೇ ಇರುವುದಿಲ್ಲ. ನೋವಿನ ಮಾತ್ರೆ, ಆ್ಯಂಟಿಬಯಾಟಿಕ್, ಆಮೇಲೆ ದೊಡ್ಡ ಬಿಲ್. ಆದರೆ ಮುಖ ಊದಿ ಜ್ವರ ಬಂದರೆ, ಉಸಿರಾಡಲು ಅಥವಾ ನುಂಗಲು ಕಷ್ಟವಾದರೆ ತಡಮಾಡದೆ ಅಲ್ಲಿಗೇ ಹೋಗಿ. ವಿಮೆ ಇಲ್ಲದವರು ಹತ್ತಿರದ ಡೆಂಟಲ್ ಕಾಲೇಜನ್ನೋ, ಆದಾಯ ನೋಡಿ ಶುಲ್ಕ ಹಾಕುವ ಸಮುದಾಯ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ. ಊರಿಗೆ ಹೋದಾಗ ಮಾಡಿಸೋಣ ಎನ್ನುವುದು ಕ್ರೌನ್‌ಗೆ ಸರಿ. ಆದರೂ ಎರಡು ಮದುವೆಗಳ ನಡುವೆ ಅದು ಮುಗಿಯುವ ಕೆಲಸವಲ್ಲ.

ಅಪ್ಪ ಅಮ್ಮ ಬರುವವರಿದ್ದರೆ ಟಿಕೆಟ್‌ಗಿಂತ ಮೊದಲು ಅವರ ಹಲ್ಲಿನ ಕಡೆ ನೋಡಿ. ವಿಸಿಟರ್ ವಿಮೆ ಹಲ್ಲಿಗೆ ಕೊಡುವುದು ಬಹುತೇಕ ಹಠಾತ್ ನೋವಿಗೋ ಅಪಘಾತಕ್ಕೋ ಮಾತ್ರ. ಹೊಸ ಹಲ್ಲಿನ ಸೆಟ್ ಬಾಯಿಗೆ ಹೊಂದಿಕೊಳ್ಳಲು ವಾರಗಳೇ ಬೇಕು, ಅದೂ ಊರಲ್ಲೇ ಆಗಲಿ. ಬಿಪಿಯ ಕೆಲವು ಮಾತ್ರೆಗಳು ಬಾಯಿ ಒಣಗಿಸಿ ಹುಳುಕಿಗೆ ದಾರಿ ಮಾಡುತ್ತವೆ. ಔಷಧಿಗಳ ಪಟ್ಟಿಯನ್ನು ದಂತವೈದ್ಯರಿಗೂ ತೋರಿಸಿ. ಅಗಿಯಲಾಗದ ಹಿರಿಯರು ಸೊಪ್ಪು, ಕೋಸಂಬರಿ, ಶೇಂಗಾ ಬಿಟ್ಟು ಮೆತ್ತನೆಯ ಅನ್ನಕ್ಕೂ ಬಿಸ್ಕತ್ತಿಗೂ ಇಳಿಯುತ್ತಾರೆ. ಸಕ್ಕರೆ ಮತ್ತೆ ಏರುತ್ತದೆ. ನಾಲ್ಕು ಜನರೆದುರು ಉಣ್ಣಲು ಸಂಕೋಚವಾಗಿ, ಹಬ್ಬದೂಟಕ್ಕೂ ಹಸಿವಿಲ್ಲ ಎನ್ನತೊಡಗುತ್ತಾರೆ.

ಕೊನೆಗೆ ಅಡಿಕೆ. ಮಲೆನಾಡಿನವನಾಗಿ ಇದನ್ನು ಬರೆಯಲು ಕೈ ಬರುವುದಿಲ್ಲ. ಆದರೆ ಹೊಗೆಸೊಪ್ಪು ಸೇರದ ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ತನ್ನ ವರದಿಯಲ್ಲಿ ಕ್ಯಾನ್ಸರ್‌ಕಾರಕವೆಂದಿದೆ. ಇಂಡಿಯನ್ ಅಂಗಡಿಯ ಸುಪಾರಿ ಪೊಟ್ಟಣ ರೂಢಿಯಾಗಿದ್ದು, ಬಾಯಿ ಮೊದಲಿನಷ್ಟು ಅಗಲವಾಗಿ ತೆರೆಯದಿದ್ದರೆ, ಅಥವಾ ಒಳಗೊಂದು ಬಿಳಿ ಮಚ್ಚೆಯೋ ಹುಣ್ಣೋ ಎರಡು ವಾರ ಕಳೆದರೂ ಮಾಯದಿದ್ದರೆ, ಮುಂದಿನ ಕ್ಲೀನಿಂಗ್‌ಗೆ ಕಾಯದೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ.