ಸಮ್ಮೋಹನ ಮತ್ತು ನಾಲಿಗೆ ಚಪಲ



ನಮ್ಮ ವೈದ್ಯಕೀಯ ನಿಧಿಗೆ ಬರುವ ಡಯಾಲಿಸಿಸ್ ಅರ್ಜಿಗಳಲ್ಲಿ ಹಲವು ಸಕ್ಕರೆ ಕಾಯಿಲೆಯವರವು. ಹಾಗಾಗಿ, ಹಿಪ್ನಾಸಿಸ್‌ನಿಂದ ತಿನ್ನುವ ಚಪಲ ಹೋಗುವುದೇ ಎಂದು ಸದಸ್ಯರೊಬ್ಬರು ಕೇಳಿದಾಗ ನಾನು ನಕ್ಕು ಬಿಡಲಿಲ್ಲ, ಓದಿ ನೋಡಿದೆ.

ಅದರಲ್ಲಿ ಎಚ್ಚರ ತಪ್ಪುವುದಿಲ್ಲ. ಉಸಿರು ನಿಧಾನಿಸಿ, ಮೈ ಸಡಿಲಿಸಿ, ಗಮನವನ್ನು ಒಂದೆಡೆ ನಿಲ್ಲಿಸುತ್ತಾರೆ. ಆಮೇಲೆ ಸೋಲುವ ಗಳಿಗೆಯನ್ನೇ ಕಲ್ಪಿಸಿಕೊಳ್ಳಬೇಕು: ಸಂಜೆ ಏಳು ಗಂಟೆ, ದಾದರ್ ಸ್ಟೇಷನ್, ಹಸಿದ ಹೊಟ್ಟೆ, ಬಾಣಲೆಯಿಂದ ಏಳುವ ವಡೆಯ ಘಮ. ಅಲ್ಲಿ ಕೈ ವಡಾಪಾವ್ ಬಿಟ್ಟು ಚೀಲದ ಹುರಿಗಡಲೆಗೆ ಹೋಗುವುದನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ರೂಢಿ ಮಾಡಿಸುತ್ತಾರೆ. (ಕಡಲೆ ಮನೆಯಿಂದಲೇ ಒಯ್ಯಬೇಕು, ಅದನ್ನು ಯಾವ ಸಮ್ಮೋಹನವೂ ತಂದುಕೊಡದು.)

ಫಲ ಎಷ್ಟು? ತೂಕ ಇಳಿಸುವ ಮನೋಚಿಕಿತ್ಸೆಗೆ ಹಿಪ್ನಾಸಿಸ್ ಸೇರಿದರೆ ಲಾಭ ದೊಡ್ಡದೆಂದು 1995ರಲ್ಲಿ ಅಮೆರಿಕದ ಅರ್ವಿಂಗ್ ಕಿರ್ಶ್ ಮತ್ತು ಸಂಗಡಿಗರು ಬರೆದರು. ಮರುವರ್ಷ ಆಲಿಸನ್ ಮತ್ತು ಫೇತ್ ಅದೇ ಅಧ್ಯಯನಗಳ ಲೆಕ್ಕ ತಿರುವಿ, ಲಾಭ ಚಿಕ್ಕದೆಂದರು. ನನಗೆ ಎರಡನೆಯದೇ ನಂಬಲು ಯೋಗ್ಯ. ಪಥ್ಯದ ಜೊತೆಗೆ ಊರುಗೋಲಾದೀತು, ಅಷ್ಟೆ.

ಮಾತ್ರೆ, ಇನ್ಸುಲಿನ್ ಬಿಡಿಸುತ್ತೇವೆ ಎನ್ನುವವರ ಬಳಿ ಹೋಗಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಸಕ್ಕರೆ ತೀರಾ ಇಳಿದರೆ ಪ್ರಾಣಕ್ಕೇ ಅಪಾಯ.

ಡಯಾಲಿಸಿಸ್ ನೆರವು ಎಂದಿನಂತೆ ಸಾಗಲಿ. ಅದರೊಂದಿಗೆ, ಕಿಡ್ನಿ ಇನ್ನೂ ಉಳಿದಿರುವ ಒಬ್ಬ ರೋಗಿಯ ಆಹಾರ ತಜ್ಞರ ಶುಲ್ಕವನ್ನೂ ತಾವು ವಹಿಸಿಕೊಳ್ಳಬೇಕೆಂದು ಕೋರುತ್ತೇನೆ.