ಅಗೆಯದೆ ಬಿಟ್ಟ ದಿಂಡು

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನಮ್ಮ ತಂದೆಯವರ ನೆನಪಿಗೆ ವರ್ಷಕ್ಕೆ 30 ಸಾವಿರ ರೂಪಾಯಿ ದಾನ ಕೊಡೋಣವೆಂದು ಮನೆಯಲ್ಲಿ ಮಾತಾಗಿದೆ. ಮೂರು ಕಡೆಯವರು ಕೇಳಿದ್ದಾರೆ. ದೇವರ ಎತ್ತುಗಳಿಗೆ ಮೇವು ಒದಗಿಸುವವರು ಒಬ್ಬರು, ಮೊಳಕಾಲ್ಮುರು ಕಡೆ ಕೆರೆ ಹೂಳೆತ್ತಿಸುವ ಟ್ರಸ್ಟಿನವರು ಇನ್ನೊಬ್ಬರು, ಸರ್ಕಾರಿ ಶಾಲೆಯ ಮಕ್ಕಳಿಗೆ ಓದು ಕಲಿಸುತ್ತೇವೆ ಎನ್ನುವವರು ಮತ್ತೊಬ್ಬರು. ಮೂವರೂ ಫೋಟೊ ಕಳಿಸಿದ್ದಾರೆ, ಮೂವರೂ ಒಳ್ಳೆಯವರಂತೆಯೇ ಕಾಣುತ್ತಾರೆ. ಯಾರ ಕೆಲಸ ಗಟ್ಟಿ ಎಂದು ತಿಳಿಯುವುದು ಹೇಗೆ? ಸಂಬಳ, ಆಫೀಸು ಎಂದು ಕಡಿಮೆ ಖರ್ಚು ಮಾಡುವವರಿಗೆ ಕೊಟ್ಟರೆ ಸರಿಯಾದೀತೆ?

ಉತ್ತರ: ಮೇಷ್ಟ್ರೇ, ಈ ಪ್ರಶ್ನೆ ನಿಮ್ಮ ತಾಲ್ಲೂಕಿನಿಂದ ಬಂದದ್ದು ನೋಡಿ ಖುಷಿಯಾಯಿತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ ನಡೆದುಬಂದಿರುವ ಮಾತು ನಿಮಗೆ ನನಗಿಂತ ಚೆನ್ನಾಗಿ ಗೊತ್ತು: ‘ಮಾಡಿದಷ್ಟು ನೀಡು ಭಿಕ್ಷೆ.’ ಸ್ವಾಮಿಗಳು ಆ ಸೀಮೆಯಲ್ಲಿ ಐದು ಕೆರೆ ಕಟ್ಟಿಸಿದರೆಂದೂ ಮಣ್ಣು ಹೊತ್ತವರಿಗೆ ಅವರವರ ದುಡಿಮೆಗೆ ತಕ್ಕಷ್ಟೇ ಕೂಲಿ ಸಿಗುತ್ತಿತ್ತೆಂದೂ ಜನ ನಂಬುತ್ತಾರೆ. ಅಂದರೆ ನೀವು ಕೇಳುತ್ತಿರುವುದನ್ನು ನಿಮ್ಮ ಊರ ಕಡೆಯವರು ಕೆಲವು ಶತಮಾನಗಳ ಹಿಂದೆಯೇ ಕೇಳಿಕೊಂಡಿದ್ದರು: ಕೊಡುವುದನ್ನು ಕೆಲಸಕ್ಕೆ ತಾಳೆ ಹಾಕುವುದು ಹೇಗೆ?

ಹಾಗೆಂದು ಜಾತ್ರೆಯಲ್ಲಿ ಯಾರೂ ತಾಳೆ ಹಾಕುವುದಿಲ್ಲ. ಫಾಲ್ಗುಣದ ರಥೋತ್ಸವದಲ್ಲಿ ಮುಕ್ತಿ ಬಾವುಟದ ಹರಾಜು ಈಚೆಗೆ 50 ಲಕ್ಷ ದಾಟಿದ್ದೂ ಉಂಟು. ಕೂಗಿದವರ ಹೆಸರು ಮೈಕಿನಲ್ಲಿ ಮೊಳಗುತ್ತದೆ, ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಹಣ ಎಷ್ಟು ಬಂತೆಂಬುದು ಊರಿಗೆಲ್ಲ ಗೊತ್ತು. ಆ ಹಣದಿಂದ ಏನಾಯಿತು ಎಂದು ಕೇಳುವವರು ಕಡಿಮೆ. ಅದು ಹರಕೆ, ಅದರ ಲೆಕ್ಕ ಬೇರೆ; ನಾನು ಅದನ್ನು ಆಡಿಕೊಳ್ಳುತ್ತಿಲ್ಲ. ಆದರೆ ಅದೇ ರೂಢಿಯಲ್ಲಿ ನಾವು ಸೇವಾಸಂಸ್ಥೆಗಳಿಗೂ ಕೊಡುತ್ತೇವೆ. ಕೊಟ್ಟದ್ದು ಎಷ್ಟು ಎಂದು ನೆನಪಿಡುತ್ತೇವೆ, ಆದದ್ದು ಏನು ಎಂದು ಕೇಳಲು ಸಂಕೋಚಪಡುತ್ತೇವೆ.

ಕೆರೆಯಿಂದಲೇ ಹೊರಡೋಣ. ನಿಮಗೆ ಬಂದಿರುವ ಫೋಟೊದಲ್ಲಿ ಒಂದು ಜೆಸಿಬಿ, ಒಂದಷ್ಟು ಟ್ರಾಕ್ಟರು, ಇಷ್ಟು ಲೋಡು ಹೂಳು ತೆಗೆದೆವು ಎಂಬ ಒಂದು ಸಾಲು ಇದ್ದೀತು. ಅದು ಮಣ್ಣಿನ ಲೆಕ್ಕ. ಕೂಲಿ ಕೊಡುವುದಕ್ಕೆ ಆ ಲೆಕ್ಕ ಸಾಕು. ದಾನ ಕೊಡುವವನಿಗೆ ಬೇಕಾದದ್ದು ನೀರಿನ ಲೆಕ್ಕ: ಕೆರೆಯಲ್ಲಿ ನೀರು ಎಷ್ಟು ತಿಂಗಳು ನಿಂತಿತು, ಕೆಳಗಿನ ಬೋರುಗಳು ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡಿದವು, ಎತ್ತಿದ ಗೋಡು ಯಾರ ಹೊಲಕ್ಕೆ ಹೋಯಿತು. ಹಳ್ಳದಿಂದ ಕೆರೆಗೆ ಬರುವ ಕಾಲುವೆ ಮುಚ್ಚಿಹೋಗಿದ್ದರೆ ಸಾವಿರ ಲೋಡು ಹೂಳು ತೆಗೆದರೂ ಅದು ಒಂದು ದೊಡ್ಡ ಗುಂಡಿ, ಅಷ್ಟೆ.

ಆದರೆ ಚಳ್ಳಕೆರೆಯಂಥ ಕಡೆ ನೀರನ್ನು ನೋಡಿದರೂ ಮೋಸಹೋಗಬಹುದು. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಹರಿಯಿತು. ಅಂಥ ವರ್ಷದಲ್ಲಿ ಹೂಳೆತ್ತಿದ ಕೆರೆಯೂ ತುಂಬುತ್ತದೆ, ಎತ್ತದ ಕೆರೆಯೂ ತುಂಬುತ್ತದೆ. ಆ ವರ್ಷದ ವರದಿಯಲ್ಲಿ ‘ನಮ್ಮ ಕೆಲಸದಿಂದ ಅಂತರ್ಜಲ ಮೇಲೆ ಬಂತು’ ಎಂದು ಯಾರಾದರೂ ಬರೆದಿದ್ದರೆ ಅದು ಸುಳ್ಳೆಂದಲ್ಲ, ಆದರೆ ಮಳೆರಾಯನ ಪಾಲನ್ನೂ ಸೇರಿಸಿಕೊಂಡ ಲೆಕ್ಕ. ಮರುವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಯಿತು. ಆಗ ಎಷ್ಟು ಚೆನ್ನಾಗಿ ಹೂಳೆತ್ತಿದ ಕೆರೆಯೂ ಒಣಗಿ ಬಿರಿದಿದ್ದರೆ ಅದು ಟ್ರಸ್ಟಿನವರ ತಪ್ಪಲ್ಲ.

ಹಾಗಾದರೆ ಅಳೆಯುವುದು ಹೇಗೆ? ಮಣ್ಣಿನ ಕೆಲಸದವರು ಇದಕ್ಕೊಂದು ಉಪಾಯ ಹಿಂದಿನಿಂದಲೂ ಮಾಡಿಕೊಂಡಿದ್ದಾರೆ. ಗುಂಡಿ ಅಗೆಯುವಾಗ ನಡುನಡುವೆ ಒಂದೊಂದು ಮಣ್ಣಿನ ದಿಂಡನ್ನು ಅಗೆಯದೆ ಬಿಡುತ್ತಾರೆ, ಅದರ ನೆತ್ತಿಯ ಮೇಲೆ ಹಳೆಯ ನೆಲದ ಹುಲ್ಲು ಹಾಗೇ ಇರುತ್ತದೆ. ಅಳತೆಗೆ ಬಂದ ಎಂಜಿನಿಯರು ಆ ದಿಂಡಿನ ತಲೆಯಿಂದ ಬುಡಕ್ಕೆ ಟೇಪು ಹಿಡಿದು ಎಷ್ಟು ಆಳ ಹೋಗಿದೆ ಎಂದು ಬರೆದುಕೊಳ್ಳುತ್ತಾರೆ. ದಿಂಡು ಸಾಕ್ಷಿ; ಅದಿಲ್ಲದಿದ್ದರೆ ನೆಲ ಮೊದಲೇ ತಗ್ಗಾಗಿತ್ತೋ ಇವರೇ ಅಗೆದರೋ ಹೇಳಲಾಗದು. ಅರ್ಥಶಾಸ್ತ್ರಜ್ಞರು ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಮಾಡುವುದೂ ಇದನ್ನೇ. ಕೆಲಸ ನಡೆದ ಊರಿನ ಪಕ್ಕದಲ್ಲಿ ಕೆಲಸ ನಡೆಯದ ಊರನ್ನು ಇಟ್ಟು ನೋಡುತ್ತಾರೆ. ನೀವು ಅಷ್ಟು ಶಾಸ್ತ್ರ ಮಾಡಬೇಕಿಲ್ಲ. ಟ್ರಸ್ಟಿನವರನ್ನು ಇಷ್ಟು ಕೇಳಿ: ‘ಅದೇ ಹಳ್ಳದ ಮೇಲಿರುವ, ನೀವು ಮುಟ್ಟದ ಕೆರೆ ಯಾವುದು? ಅಲ್ಲಿ ಈ ವರ್ಷ ನೀರು ಯಾವ ತಿಂಗಳವರೆಗೆ ಇತ್ತು?’ ತಕ್ಷಣ ಹೆಸರು ಹೇಳಿದರೆ ಅವರು ತಮ್ಮ ಕೆಲಸವನ್ನು ತಾವೇ ಅಳೆದುಕೊಳ್ಳುವವರು. ಪ್ರಶ್ನೆಯೇ ಅರ್ಥವಾಗದಂತೆ ನೋಡಿದರೆ ಫೋಟೊ ಆಲ್ಬಂ ಒಂದೇ ಅವರ ಸಾಕ್ಷಿ.

ಈಗ ಸಂಬಳದ ವಿಚಾರ. ‘ನೂರಕ್ಕೆ ನೂರು ರೂಪಾಯಿಯೂ ಬಡವರಿಗೇ’ ಎನ್ನುವ ಸಂಸ್ಥೆ ನಮಗೆಲ್ಲ ಇಷ್ಟ. ಕಾನೂನೂ ಅದೇ ಧಾಟಿಯಲ್ಲಿದೆ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು ಆಡಳಿತಕ್ಕೆ ಬಳಸಬಹುದಾದ ಪಾಲನ್ನು 2020ರಲ್ಲಿ ಶೇ 50ರಿಂದ 20ಕ್ಕೆ ಇಳಿಸಿದರು. ಕಂಪನಿಗಳು ಸಮಾಜದ ಕೆಲಸಕ್ಕೆಂದು ಮಾಡುವ ಸಿಎಸ್‌ಆರ್ ವೆಚ್ಚದಲ್ಲಿ ಆಡಳಿತಕ್ಕೆ ಶೇ 5ರ ಮಿತಿ ಇದೆ. ಆದರೆ ಅಮೆರಿಕದಲ್ಲಿ ಸೇವಾಸಂಸ್ಥೆಗಳ ಮಾಹಿತಿ ಕಲೆಹಾಕುವ, ಅವನ್ನು ಒರೆಗೆ ಹಚ್ಚುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ 2013ರಲ್ಲಿ ಜೊತೆಗೂಡಿ ದಾನಿಗಳಿಗೆ ಒಂದು ಬಹಿರಂಗ ಪತ್ರ ಬರೆದವು. ಆಡಳಿತ ವೆಚ್ಚದ ಪ್ರಮಾಣವೊಂದನ್ನೇ ನೋಡಿ ಸಂಸ್ಥೆಯ ಬೆಲೆ ಕಟ್ಟಬೇಡಿ ಎಂಬುದು ಅದರ ತಾತ್ಪರ್ಯ. ಆ ಅಳತೆಗೋಲನ್ನು ವರ್ಷಗಟ್ಟಲೆ ಬಳಸಿದ್ದ ವಲಯದಿಂದಲೇ ಈ ಮಾತು ಬಂತು ಎಂಬುದು ಗಮನಿಸಬೇಕಾದದ್ದು.

ಯಾಕೆ ಹೀಗೆ ಎಂಬುದಕ್ಕೆ ರಾಜಸ್ಥಾನದ ಒಂದು ಉದಾಹರಣೆ ನನಗೆ ಬಹಳ ಹಿಡಿಸಿದ್ದು. ಉದಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಸೇವಾ ಮಂದಿರ ಎಂಬ ಸಂಸ್ಥೆ ಮಕ್ಕಳಿಗೆ ಲಸಿಕೆ ಹಾಕಿಸಲು ಹೊರಟಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅದರ ಫಲ ಅಳೆದು 2010ರಲ್ಲಿ ಪ್ರಕಟಿಸಿದರು. ಏನೂ ಮಾಡದೆ ಬಿಟ್ಟ ಹಳ್ಳಿಗಳಲ್ಲಿ, ಅಂದರೆ ಅಗೆಯದೆ ಬಿಟ್ಟ ದಿಂಡಿನಲ್ಲಿ, ಎಲ್ಲ ಲಸಿಕೆ ಪೂರ್ತಿಯಾದ ಮಕ್ಕಳು ಶೇ 6. ತಿಂಗಳು ತಪ್ಪದೆ ಶಿಬಿರ ನಡೆದ ಕಡೆ ಶೇ 18. ಶಿಬಿರದ ಜೊತೆಗೆ ಪ್ರತಿ ಲಸಿಕೆಗೆ ಒಂದು ಕಿಲೊ ಬೇಳೆ ಕೊಟ್ಟ ಕಡೆ ಶೇ 39. ಬೇಳೆಗೆ ದುಡ್ಡು ಹೆಚ್ಚು ಖರ್ಚಾಯಿತಲ್ಲ ಎನ್ನುತ್ತೀರಿ. ಒಂದು ಮಗುವಿಗೆ ಪೂರ್ತಿ ಲಸಿಕೆ ಹಾಕಿಸುವ ವೆಚ್ಚ ಬೇಳೆ ಕೊಟ್ಟ ಕಡೆಯೇ ಸುಮಾರು ಅರ್ಧಕ್ಕೆ ಇಳಿದಿತ್ತು. ನರ್ಸಮ್ಮ ಶಿಬಿರದಲ್ಲಿ ಕೂತಿರಲು ಮೂರು ಮಕ್ಕಳು ಬಂದರೂ ಅದೇ ಸಂಬಳ, ಹತ್ತು ಬಂದರೂ ಅದೇ ಸಂಬಳ. ಹೀಗಾಗಿ ಸಂಬಳಕ್ಕೆ ಎಷ್ಟು ಹೋಯಿತು ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಒಂದು ಮಗುವಿಗೆ ಎಷ್ಟು ಬಿತ್ತು ಎಂದು ಕೇಳಿ. ಲೆಕ್ಕ ಬರೆಯುವ ಗುಮಾಸ್ತನಿಗೆ ಸಂಬಳ ಕೊಡದೆ ಉಳಿಸಿದ ಸಂಸ್ಥೆ ನಿಮಗೆ ಲೆಕ್ಕವನ್ನಾದರೂ ಹೇಗೆ ಕೊಟ್ಟೀತು?

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ನೋಂದಣಿ, ನೀತಿ ಆಯೋಗದ ದರ್ಪಣ್ ಸಂಖ್ಯೆ, ಆಡಿಟ್ ಆದ ಲೆಕ್ಕ, ತೆರಿಗೆ ವಿನಾಯಿತಿಯ 80ಜಿ ರಸೀದಿ ಇವಿಷ್ಟನ್ನು ಕೇಳಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ 80ಜಿ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಆ ವಿನಾಯಿತಿಯೇ ನಿಮಗೆ ಸಿಗದು. ಕಾಗದ ನೆಟ್ಟಗಿದ್ದರೆ ಇವರು ಕಳ್ಳರಲ್ಲ ಎಂದು ತಿಳಿಯುತ್ತದೆ. ಕೆಲಸಗಾರರೋ ಅಲ್ಲವೋ ತಿಳಿಯುವುದಿಲ್ಲ.

ದೇವರ ಎತ್ತುಗಳ ವಿಷಯ ಬೇರೆಯೇ ತೆರನಾದದ್ದು. ಮ್ಯಾಸನಾಯಕ ಸಮುದಾಯದವರು ದೇವರಿಗೆಂದು ಬಿಟ್ಟ ಈ ಎತ್ತುಗಳಿಗೆ ನೊಗ ಹೂಡುವುದಿಲ್ಲ. ಅವನ್ನು ಕಾಯುವ ಕಿಲಾರಿ ಅವುಗಳ ಜೊತೆಗೇ ಕಾವಲಿನಲ್ಲಿ ಬದುಕುತ್ತಾನೆ. ದುಡಿದು ಮೇವು ಗಳಿಸುವ ದನವಲ್ಲವಾದ್ದರಿಂದ ಬರ ಬಿದ್ದರೆ ಅವು ಊರವರ ಕೈ ನೋಡಬೇಕು. ಇಲ್ಲಿ ಮುಂದೇನು ಬದಲಾಯಿತು ಎಂದು ಕೇಳುವುದು ಸಲ್ಲದು. ದನ ಬದುಕಿತೇ ಎಂಬುದೊಂದೇ ಪ್ರಶ್ನೆ. ಆದರೂ ಲೆಕ್ಕ ಇದೆ. ಒಂದು ಎತ್ತಿಗೆ ದಿನಕ್ಕೆ ಆರು ಕಿಲೊ ಒಣಮೇವು ಎಂದುಕೊಳ್ಳಿ. ಅವು ತಂಗುವ ಗೂಡಿನಲ್ಲಿ 200 ಎತ್ತಿದ್ದರೆ ದಿನಕ್ಕೆ 1,200 ಕಿಲೊ. ಹುಲ್ಲು ತೂಕಕ್ಕಿಂತ ಗಾತ್ರ ಜಾಸ್ತಿ ಇರುವ ಸರಕು. ಲಾರಿಗೆ ನಾಲ್ಕು ಟನ್ ಹಿಡಿಸಿತು ಎಂದರೂ ಅದು ಮೂರು ದಿನ ಚಿಲ್ಲರೆಗೆ ಮುಗಿಯಿತು. ಹಾರ ಹಾಕಿದ ಲಾರಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ ನೋಡಿದಾಗ ನನಗೆ ನೆನಪಾಗುವುದು ನಾಲ್ಕನೇ ದಿನ. ಮೇವಿನವರನ್ನು ಕೇಳಬೇಕಾದದ್ದು: ಎಷ್ಟು ದನ, ಎಷ್ಟು ದಿನದ ಮೇವು ಕೈಲಿದೆ, ಯಾವ ತಿಂಗಳಲ್ಲಿ ಕೊಂಡಿರಿ? ಶೇಂಗಾ ಕಿತ್ತಾದ ಮೇಲೆ ಹೊಟ್ಟು ಅಗ್ಗವಾಗಿ ಸಿಗುವಾಗ ಬಣವೆ ಒಟ್ಟಿಕೊಂಡವರು ಅದೇ ದುಡ್ಡಿನಲ್ಲಿ ಹೆಚ್ಚು ದಿನ ಸಾಕುತ್ತಾರೆ. ಏಪ್ರಿಲಿನಲ್ಲಿ ಎಲುಬು ಕಾಣುವ ದನದ ಫೋಟೊ ಬಂದಮೇಲೆ ಎಲ್ಲರ ಮನ ಕರಗಿ ದುಡ್ಡು ಸುರಿಯುತ್ತದೆ, ಆ ಹೊತ್ತಿಗೆ ಮೇವಿನ ದರವೂ ಏರಿರುತ್ತದೆ.

ಇನ್ನೊಂದು ಮಾತೂ ಇಲ್ಲಿ ಹೇಳಿಬಿಡಬೇಕು. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸುಮಾರು ಹತ್ತು ಸಾವಿರ ಎಕರೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಗಿ ಬೇಲಿಯೊಳಗೆ ಹೋಯಿತು. ಮೇಯುವ ನೆಲವೇ ಕುಗ್ಗಿದ ಮೇಲೆ ಲಾರಿ ಹುಲ್ಲು ಎಷ್ಟು ಕಾಲದ ಮಾತು? ಹಾಗೆಂದು ಹಸಿದ ದನದ ಮುಂದೆ ನಿಂತು ಭೂನೀತಿ ಮಾತಾಡಲೂ ಆಗದು. ಎರಡೂ ನಿಜ.

ಒಂದು ಸಂಸ್ಥೆಯನ್ನು ನಂಬಬಹುದೇ ಎನ್ನಲು ನಾನು ನೋಡುವ ಗುರುತು ಯಾವುದು ಎಂದರೆ ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳನ್ನು ತೋರಿಸುತ್ತೇನೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದರು. ನೀವೂ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿರುತ್ತೀರಿ. ಇಸಿಲ ಎಂಬಲ್ಲಿನ ಅಧಿಕಾರಿಗಳಿಗೆ ಕಳಿಸಿದ ಆ ಸಂದೇಶದಲ್ಲಿ ಚಕ್ರವರ್ತಿ ಏನು ಹೇಳಿಕೊಂಡಿದ್ದಾನೆ? ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಅದರಲ್ಲಿ ಒಂದು ವರ್ಷ ತಾನು ಹೆಚ್ಚೇನೂ ಶ್ರಮಪಡಲಿಲ್ಲ, ಸಂಘದ ಒಡನಾಟಕ್ಕೆ ಬಂದ ಮೇಲೆ ಒಂದು ವರ್ಷಕ್ಕೂ ಮೀರಿ ಗಟ್ಟಿಯಾಗಿ ತೊಡಗಿದ್ದೇನೆ ಎಂದು. ಕೆಲಸ ನಡೆಯದ ವರ್ಷವನ್ನು ಮುಚ್ಚಿಡದೆ ಕಲ್ಲಿನಲ್ಲಿ ಕೊರೆಸಿದ ವರದಿ ಅದು. ಈಗಿನ ಮಿರಿಮಿರಿ ಕಾಗದದ ವಾರ್ಷಿಕ ವರದಿಗಳಲ್ಲಿ ಅಂಥ ಒಂದು ಸಾಲು ಹುಡುಕಿ ನೋಡಿ. ‘ಹೋದ ವರ್ಷ ಯಾವ ಕೆಲಸ ಕೈಕೊಟ್ಟಿತು?’ ಎಂದು ಮೂವರನ್ನೂ ಕೇಳಿ. ಏನೂ ಕೈಕೊಡಲಿಲ್ಲ ಎಂದವರಿಗೆ ನಾನಂತೂ ಕೊಡುವುದಿಲ್ಲ.

ಕೊನೆಗೆ ನಿಮ್ಮ 30 ಸಾವಿರ. ಮೂರು ಪಾಲು ಮಾಡಿ ಹತ್ತತ್ತು ಸಾವಿರ ಹಂಚಿದರೆ ಮೂವರ ಮನಸ್ಸೂ ಉಳಿಯುತ್ತದೆ, ಮೂರನ್ನೂ ಹಿಂಬಾಲಿಸಿ ನೋಡುವ ವ್ಯವಧಾನ ನಿಮಗೆ ಉಳಿಯುವುದಿಲ್ಲ. ನನ್ನನ್ನು ಕೇಳಿದರೆ, ಮುಂಗಾರು ಕೈಕೊಟ್ಟ ವರ್ಷ ಹತ್ತು ಸಾವಿರವನ್ನು ಶೇಂಗಾ ಸುಗ್ಗಿಯ ಹೊತ್ತಿಗೇ ಮೇವಿಗೆ ಕೊಡಿ. ಉಳಿದದ್ದು ಓದು ಕಲಿಸುವವರಿಗೆ. ಕೆರೆಗಿಂತ ಶಾಲೆ ಮೇಲು ಎಂದಲ್ಲ. ಶಾಲೆಯ ಕೆಲಸವನ್ನು ಅಳೆಯಲು ನಿಮಗೆ ಬರುತ್ತದೆ, ಯಾವ ಎಂಜಿನಿಯರೂ ಬೇಕಿಲ್ಲ. ಅವರು ಹಂಚಿದ ನೋಟ್‌ಬುಕ್ಕು, ಬ್ಯಾಗುಗಳ ಲೆಕ್ಕಕ್ಕೆ ಮರುಳಾಗಬೇಡಿ. ಕೀನ್ಯಾದ ಹಳ್ಳಿ ಶಾಲೆಗಳಿಗೆ ಪಠ್ಯಪುಸ್ತಕ ಹಂಚಿ ನೋಡಿದ ಅಧ್ಯಯನವೊಂದರಲ್ಲಿ ಮೊದಲೇ ಮುಂದಿದ್ದ ಮಕ್ಕಳಿಗಷ್ಟೇ ಅನುಕೂಲವಾಗಿತ್ತು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಉಳಿದವರಲ್ಲಿ ಅನೇಕರಿಗೆ ಅದನ್ನು ಓದಲು ಬರುತ್ತಿರಲಿಲ್ಲ.

ಜೂನಿನಲ್ಲಿ ಎರಡನೇ ತರಗತಿಯ ಕನ್ನಡ ಪುಸ್ತಕ ಹಿಡಿದು ಎರಡು ಶಾಲೆಗೆ ಹೋಗಿ, ಒಂದು ಅವರು ಕಲಿಸುವ ಶಾಲೆ, ಇನ್ನೊಂದು ಅವರು ಕಾಲಿಡದ ಪಕ್ಕದ ಊರಿನದು. ಐದನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಒಂದು ಪ್ಯಾರಾ ಓದಿಸಿ, ಹೆಸರಿನ ಮುಂದೆ ಗುರುತು ಹಾಕಿಕೊಳ್ಳಿ. ಫೆಬ್ರವರಿಯಲ್ಲಿ ಅದೇ ಪಟ್ಟಿ ಹಿಡಿದು ಅದೇ ಹೆಸರುಗಳನ್ನು ಕೂಗಿ. ಅಷ್ಟರಲ್ಲಿ ಅಪ್ಪ ಅಮ್ಮನ ಜೊತೆ ಗುಳೆ ಹೋದ ಮಕ್ಕಳಿದ್ದರೆ ಅವರ ಹೆಸರನ್ನು ಹೊಡೆದುಹಾಕಬೇಡಿ. ಅವರನ್ನೂ ಸೇರಿಸಿಯೇ ಎಷ್ಟು ಮಂದಿಗೆ ಓದು ಬಂತು ಎಂದು ನೋಡಿ, ಆಮೇಲೆ ಎರಡನೇ ವರ್ಷದ ಚೆಕ್ ಬರೆಯಿರಿ.